ಠಾಣೆಗೆ ಹೋಗುವ ಪಾಳಿ

ಮುಂಡಗೋಡದಿಂದ ಸನವಳ್ಳಿಯ ಕಡೆಗೆ ಹೋಗುವ ರಸ್ತೆ ಬಿಟ್ಟು ಕಾಡಿನಂಚಿಗೆ ತಿರುಗಿದರೆ ಮುತ್ತಲಗಟ್ಟಿ ಎಂಬ ಸಣ್ಣ ಕೇರಿ ಸಿಗುತ್ತದೆ. ಅಲ್ಲಿ ಮೂರು ಪಾಳಿಗಳಿದ್ದವು. ಬೋರ್‌ವೆಲ್ ನೀರಿಗೆ ಒಂದು, ದನ ಕಾಯಲಿಕ್ಕೆ ಒಂದು, ಪೊಲೀಸ್ ಠಾಣೆಗೆ ಹೋಗಲಿಕ್ಕೆ ಒಂದು. ಮೊದಲಿನೆರಡರಲ್ಲಿ ದಿನ ಬೆಳಗಾದರೆ ಜಗಳ. ಮೂರನೆಯದು ಮಾತ್ರ ಒಂದೂ ಅಪಸ್ವರವಿಲ್ಲದೆ ನಡೆದುಕೊಂಡು ಬಂದಿತ್ತು.

ಸುತ್ತಮುತ್ತ ಎಲ್ಲಿ ಏನು ಕಳುವಾದರೂ ಹೊಂಗಲಕಟ್ಟಿ ಠಾಣೆಯ ಜೀಪು ಮೊದಲು ತಿರುಗುತ್ತಿದ್ದುದು ಮುತ್ತಲಗಟ್ಟಿಗೆ. ಮುತ್ತಜ್ಜಂದಿರ ಕಾಲದಲ್ಲಿ ಬ್ರಿಟಿಷ್ ಸರಕಾರ ಈ ಜನರನ್ನು ಹುಟ್ಟುಗಳ್ಳರೆಂದು ದಫ್ತರದಲ್ಲಿ ಬರೆದಿಟ್ಟಿತ್ತು. ಆ ಸರಕಾರ ಹೋಯಿತು, ಆ ಕಾಯ್ದೆ ರದ್ದಾಯಿತು, ದಫ್ತರವನ್ನು ಗೆದ್ದಲು ತಿಂದಿತು. ಕೇರಿಯವರು ಭತ್ತ ಬೆಳೆದರು, ಕೂಲಿಗೆ ಹೋದರು, ಮಕ್ಕಳನ್ನು ಶಾಲೆಗೆ ಹಾಕಿದರು. ಜೀಪಿಗೆ ಮಾತ್ರ ಈ ಸಂಗತಿಗಳನ್ನು ಯಾರೂ ತಿಳಿಸಿರಲಿಲ್ಲ. ಅದು ಬರುತ್ತಿತ್ತು, ಎದುರಿಗೆ ಮೊದಲು ಕಂಡವನನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಒಂದು ಸಲ ಅರಿಷಿಣ ಹಚ್ಚಿಸಿಕೊಂಡು ಕೂತ ಮದುಮಗನನ್ನೇ ಒಯ್ದಾಗ, ಕೇರಿಯ ಹಿರಿಯ ಠಾಕಪ್ಪ ಇದು ಹೀಗೆ ನಡೆಯಬಾರದು ಎಂದು ನಿಶ್ಚಯಿಸಿದ. ಜೀಪು ಬರಬಾರದು ಎಂದಲ್ಲ, ಗಲಿಬಿಲಿ ಆಗಬಾರದು ಎಂದು.

ಹಾಗೆ ಪಾಳಿ ಹುಟ್ಟಿತು. ಮನೆಗೆ ಒಬ್ಬರಂತೆ ಸರದಿ. ಮದುವೆಯಾಗಿ ವರ್ಷ ತುಂಬದವನಿಗೆ, ಸೂತಕದವನಿಗೆ, ಹೋದ ಸಲದ ಪೆಟ್ಟು ಇನ್ನೂ ಮಾಯದವನಿಗೆ ರಿಯಾಯಿತಿ. ಹೋದವನ ಹೊಲದ ಕೆಲಸವನ್ನು ಉಳಿದವರು ಮಾಡಿಕೊಡಬೇಕು. ಠಾಣೆಯಲ್ಲಿ ಏನು ಮಾತಾಡಬೇಕು ಎಂಬುದಕ್ಕೂ ನಿಯಮವಿತ್ತು. ಕದ್ದೆ ಎನ್ನಬಾರದು, ಕದ್ದಿಲ್ಲ ಎಂದೂ ಎನ್ನಬಾರದು. ಮೊದಲನೆಯದಕ್ಕೆ ಜೈಲು, ಎರಡನೆಯದಕ್ಕೆ ಪೆಟ್ಟು. ನೆಲ ನೋಡುತ್ತ "ಸಾಹೇಬ್ರು ಅಂದಂಗ" ಎಂದು ಸುಮ್ಮನಾಗಬೇಕು. ಪೊಲೀಸರಿಗೂ ಇದು ಹಿಡಿಸಿತ್ತು. ಬೆನ್ನಟ್ಟಿ ಓಡುವುದು ತಪ್ಪಿತು. ಹಳೆಯ ಹವಾಲ್ದಾರರಂತೂ ಜೀಪಿನಿಂದ ಇಳಿಯುತ್ತಲೇ, ಊಟಕ್ಕೆ ಬಂದ ಬೀಗರು ಕೇಳುವ ಧಾಟಿಯಲ್ಲಿ, ಈ ಸಲ ಯಾರ ಮನೆಯದು ಎಂದು ಠಾಕಪ್ಪನನ್ನು ವಿಚಾರಿಸುತ್ತಿದ್ದರು.

ತುಳಜಾ ಈ ಕೇರಿಗೆ ಸೊಸೆಯಾಗಿ ಬಂದ ಮೊದಲ ಬಿ.ಎ. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ. ಸ್ವಭಾವದಿಂದ ಅಂಜುಬುರುಕಿ. ಬಾಗಿಲಿಗೆ ಚಿಲಕ ಹಾಕಿದ ಮೇಲೂ ತಿರುಗಿ ಬಂದು ಎಳೆದು ನೋಡುವವಳು. ಒಂದು ಮಾತು ಆಡುವ ಮೊದಲು ಅದು ಎಲ್ಲೆಲ್ಲಿ ಸುತ್ತಿ ಯಾರ ಕಿವಿಗೆ ಹೋಗಿ ಮುಟ್ಟೀತು ಎಂದು ಯೋಚಿಸುವವಳು. ಹೀಗಾಗಿ ಅವಳು ಬಹಳ ಕಡಿಮೆ ಮಾತಾಡುತ್ತಿದ್ದಳು, ಕೇರಿಯವರು ಅದನ್ನು ಒಳ್ಳೆಯತನವೆಂದು ತಿಳಿದಿದ್ದರು.

ಆ ಸೋಮವಾರ ಅವಳು ಹಳಿಯಾಳಕ್ಕೆ ಹೋಗಿದ್ದಳು. ಗ್ರಂಥಾಲಯದವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಎಲ್ಲರನ್ನೂ ಕೂಡಿಸಿ ಕಾನೂನು ಅರಿವು ಶಿಬಿರ ಇಟ್ಟಿದ್ದರು. ವಿಷಯ, ಆರೋಪಿಯ ಹಕ್ಕುಗಳು. ವಕೀಲರೊಬ್ಬರು ಉಪ್ಪಿಟ್ಟಿನ ನಂತರ ಬಹಳ ಉತ್ಸಾಹದಿಂದ ಮಾತಾಡಿದರು. ಆರೋಪಿ ಎಂದರೆ ಅಪರಾಧಿಯಲ್ಲ. ಸಾಬೀತಾಗುವ ತನಕ ಅವನು ನಿರಪರಾಧಿ. ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರದು, ಹೊತ್ತವನದಲ್ಲ. ಬಂಧಿಸಿದರೆ ಯಾಕೆಂದು ಹೇಳಬೇಕು, ಬರೆದು ಕೊಡಬೇಕು, ಮನೆಯವರಿಗೆ ತಿಳಿಸಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊನೆಗೆ ಅವರು, ನಿಮ್ಮ ಊರುಗಳಲ್ಲಿ ಪೊಲೀಸರು ಯಾರನ್ನಾದರೂ ಕಾರಣ ಹೇಳದೆ ಎಳೆದೊಯ್ದದ್ದು ಉಂಟೇ, ಸಂಕೋಚ ಬಿಟ್ಟು ಹೇಳಿ ಎಂದರು. ತುಳಜಾ ಸ್ವಲ್ಪ ಯೋಚಿಸಿ, ನಮ್ಮಲ್ಲಿ ಎಳೆದೊಯ್ಯುವುದಿಲ್ಲ ಸರ್ ಎಂದಳು. ವಕೀಲರು ಸಂತೋಷಪಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಮನೆ ಮುಟ್ಟಿದಾಗ ಅತ್ತೆ ಸೋಮಿಬಾಯಿ ಅಂಗಳದಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಗಂಡ ಪರಶುರಾಮ ಎಲ್ಲಿ ಎಂದು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದಳು.

"ಪಾಳಿಗೆ ಹೋಗ್ಯಾನ."

ದನದ ಪಾಳಿಯೋ ನೀರಿನ ಪಾಳಿಯೋ ಎಂದು ತುಳಜಾ ಕೇಳಲಿಲ್ಲ. ಮೊರದ ಮೇಲೆ ಓಡಾಡುತ್ತಿದ್ದ ಅತ್ತೆಯ ಕೈ ಅದನ್ನು ಹೇಳಿತ್ತು. ಸೋಮಿಬಾಯಿ ಒಂದೇ ಮುಷ್ಟಿ ಹುರುಳಿಯನ್ನು ತಿರುತಿರುಗಿ ಆರಿಸುತ್ತಿದ್ದಳು.

ಆ ಮನೆಯಲ್ಲಿ ಆ ವಾರ ಪಾಳಿ ಬೀಳಬಾರದಿತ್ತು. ದಾಂಡೇಲಿಯಲ್ಲಿ ಪ್ರವಾಸಿಗರ ಜೀಪು ಓಡಿಸಿಕೊಂಡಿದ್ದ ಪರಶುರಾಮನಿಗೆ ಬಸ್ ಡ್ರೈವರ್ ನೌಕರಿ ಆಗಿತ್ತು. ಕೇರಿಯ ಮೊದಲ ಸರಕಾರಿ ಪಗಾರ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಅದು ಬರುವುದು ಹೊಂಗಲಕಟ್ಟಿ ಠಾಣೆಗೇ. ಇವನ ಹೆಸರಿನಲ್ಲಿ ಒಂದು ಪ್ರಕರಣ ದಾಖಲಾದರೂ ನೌಕರಿ ಕೈಬಿಟ್ಟಂತೆ. ಇಷ್ಟು ದಿನ ಪಾಳಿಗೆ ಹೋದವರ ಮೇಲೆ ಪ್ರಕರಣ ದಾಖಲಾದದ್ದೂ ಇತ್ತು, ಆಗದೆ ಬರಿಯ ಪೆಟ್ಟಿನಲ್ಲಿ ಮುಗಿದದ್ದೂ ಇತ್ತು. ಅದು ಸಾಹೇಬರ ಆ ದಿನದ ಮನಸ್ಸಿಗೆ ಬಿಟ್ಟದ್ದು.

ತುಳಜಾ ಠಾಕಪ್ಪನ ಮನೆಗೆ ಹೋದಳು. ನಡೆದದ್ದನ್ನು ಅವನು ಬಹಳ ಸಮಾಧಾನದಿಂದ ವಿವರಿಸಿದ. ಬೆಳಿಗ್ಗೆ ಮುಂಡಗೋಡದ ಸಂತೆಯಲ್ಲಿ ಸನವಳ್ಳಿಯ ಈರಕ್ಕ ತನ್ನ ಗದ್ದೆಯ ಪಂಪ್‌ಸೆಟ್ಟಿನ ಮೋಟಾರು ಕಳುವಾಯಿತೆಂದು ಇಡೀ ಸಂತೆಗೆ ಕೇಳುವಂತೆ ಬಾಯಿ ಮಾಡಿದಳು. ಮೋಟಾರು ಹೋಯಿತೆಂದರೆ ಜೀಪು ಬಂದೇ ಬರುತ್ತದೆ. ಸುಗ್ಗಿಯ ದಿನ, ಎಲ್ಲರೂ ಗದ್ದೆಯಲ್ಲಿ ಕೊಯ್ಲಿಗೆ ಬಗ್ಗಿದ್ದಾರೆ. ಜೀಪು ಬಂದು ಮಂದಿ ದಿಕ್ಕಾಪಾಲಾಗುವುದಕ್ಕಿಂತ ತಾವೇ ಮೊದಲು ಕಳಿಸಿಬಿಟ್ಟರೆ ಕೆಲಸ ಕೆಡುವುದಿಲ್ಲ ಎಂದು ಠಾಕಪ್ಪನಿಗೆ ಹೊಳೆಯಿತು. ಸರದಿ ಪರಶುರಾಮನ ಮನೆಯದು ಬಂತು. ಅವನೂ ಹಿಂದೆ ಮುಂದೆ ನೋಡಲಿಲ್ಲ. ನೌಕರಿ ಬಂತೆಂದು ಸೊಕ್ಕು ಬಂತು ಎಂದು ನಾಳೆ ಯಾರಾದರೂ ಅಂದಾರು ಎಂಬ ಅಂಜಿಕೆ ಅವನಿಗೆ.

"ಕಾಕಾ, ಈ ವಾರ ಅವರ ವೆರಿಫಿಕೇಶನ್ ಐತಿ ಅನ್ನೂದು ನಿಮಗ ಗೊತ್ತಿತ್ತಲ್ಲ."

"ಗೊತ್ತಿತ್ತವ್ವ. ಆದ್ರ ನೌಕರಿ ಒಬ್ಬಂದು, ಪಾಳಿ ಎಲ್ಲಾರದು. ಇವತ್ತ ಇವನ್ನ ಬಿಟ್ರ ನಾಳೆ ಇನ್ನೊಬ್ಬ ಹಲ್ಲು ಬ್ಯಾನಿ ಅಂತಾನ."

ಈರಕ್ಕ ದೂರು ಕೊಟ್ಟಿದ್ದಾಳೆಯೇ ಎಂದು ತುಳಜಾ ಕೇಳಿದಳು. ಅದನ್ನು ಅವನು ವಿಚಾರಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಎಂದೂ ವಿಚಾರಿಸಿರಲಿಲ್ಲ.

ಈರಕ್ಕನ ಫೋನ್ ನಂಬರು ತುಳಜಾಳ ಬಳಿ ಇತ್ತು. ವಾರಪತ್ರಿಕೆಯ ಧಾರಾವಾಹಿಗಾಗಿ ಗ್ರಂಥಾಲಯಕ್ಕೆ ಬರುವವಳು ಅವಳು. ಅಲ್ಲಿಯೇ ನಿಂತು ಫೋನ್ ಹಚ್ಚಿದಳು. ಈರಕ್ಕನ ದನಿ ಸ್ಪೀಕರ್ ಹಾಕದೆಯೇ ಠಾಕಪ್ಪನಿಗೂ ಕೇಳಿಸಿತು.

"ಅಯ್ಯ ಸಿಕ್ತವ್ವ ಅದು. ನನ್ನ ಮಗಾ ಹೇಳದ ಕೇಳದ ಬಿಚ್ಚಿ ಮಜೀದನ ಅಂಗಡ್ಯಾಗ ರಿವೈಂಡಿಂಗಿಗೆ ಕೊಟ್ಟ ಬಂದಾನ. ಸುಮ್ಮ ಸಂತ್ಯಾಗ ನನ್ನ ಗಂಟಲಾ ಹರೀತು. ದೂರಾ? ಠಾಣೆಕ ಯಾರ ಹೋಗ್ತಾರ, ಹೋದ್ರ ಮೊದಲ ಕರೆಂಟಿನ ಲೈನ್ ಹೆಂಗ ಎಳಕೊಂಡಿ ಅಂತ ನನ್ನ ಕೇಳ್ತಾರ."

ಫೋನ್ ಇಟ್ಟ ಮೇಲೆ ತುಳಜಾ ಠಾಕಪ್ಪನ ಮುಖ ನೋಡಿದಳು. ಕಳುವೇ ಆಗಿರಲಿಲ್ಲ. ಆರೋಪಿ ಮಾತ್ರ ಮಧ್ಯಾಹ್ನದ ಬಸ್ಸಿಗೇ ಹೋಗಿ ಹಾಜರಾಗಿದ್ದ. ಠಾಕಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಹಂಗಾರ ಇದನ್ನ ಮುಂಗಡ ಅಂತ ಹಿಡಿಯೂಣು ಎಂದ. ಹಾಗಾದರೆ ಹೋಗಿ ಕರೆತರುವಿರಾ ಎಂದದ್ದಕ್ಕೆ, ಕಳಿಸುವುದಷ್ಟೇ ತನ್ನ ಕೆಲಸ, ಕರೆದುಕೊಂಡು ಬರುವುದರ ಬಗ್ಗೆ ಕೇರಿಯಲ್ಲಿ ಯಾವ ಪದ್ಧತಿಯೂ ಇಲ್ಲ ಎಂದ.

ತುಳಜಾ ಮಜೀದನಿಗೂ ಫೋನ್ ಮಾಡಿದಳು. ಮುಂಡಗೋಡದ ಪೇಟೆಯಲ್ಲಿ ಮೋಟಾರು ರಿಪೇರಿಯ ಅಂಗಡಿಯವನು ಅವನು. ಮೋಟಾರು ತನ್ನೆದುರೇ ಬಿಚ್ಚಿ ಬಿದ್ದಿದೆ, ಬೇಕಾದರೆ ಫೋಟೋ ಕಳಿಸುತ್ತೇನೆ ಎಂದ. ಕಳಿಸಿಯೂ ಕಳಿಸಿದ. ಮೋಟಾರಿನ ಪಕ್ಕ ತಾನೂ ನಗುತ್ತ ನಿಂತಿದ್ದ.

ಹೊಂಗಲಕಟ್ಟಿಯಲ್ಲಿ ಬಸ್ ಇಳಿದಾಗ ಬಿಸಿಲು ಇನ್ನೂ ಇತ್ತು. ತುಳಜಾ ಠಾಣೆಯ ಮೆಟ್ಟಿಲ ತನಕ ನಡೆದಳು. ಒಳಗೆ ಹೋಗಿ ಮೊದಲ ವಾಕ್ಯ ಏನು ಆಡಬೇಕೆಂದು ದಾರಿಯುದ್ದಕ್ಕೂ ಕಟ್ಟಿ, ಒಡೆದು, ಮತ್ತೆ ಕಟ್ಟಿದ್ದಳು. ಹೊರಗೆ ಹವಾಲ್ದಾರರು ಚಹಾ ಕುಡಿಯುತ್ತಿದ್ದರು. ಗುರುತು ಹಿಡಿದು, ಬರ್ರಿ ಅಕ್ಕಾರ, ಊಟದ ಡಬ್ಬಿ ತಂದೀರೇನು ಎಂದರು. ಗಂಡನ ಮೇಲಿನ ಆರೋಪ ಏನು ಎಂದು ಅವಳು ಕೇಳಿದಳು.

"ಆರೋಪಿ ಬಂದಾನ್ರಿ, ಅಪರಾಧ ಇನ್ನೂ ಬಂದಿಲ್ಲ. ಸಾಹೇಬ್ರು ಒಳಗ ಅದನ್ನ ಹುಡಕಾಕತ್ತಾರ."

ಅದು ತಮಾಷೆಯಲ್ಲ ಎಂದು ಒಳಗೆ ಹೋದ ಮೇಲೆ ಅವಳಿಗೆ ತಿಳಿಯಿತು. ಪಿ.ಎಸ್.ಐ. ಸಾಹೇಬರು ಹೊಸಬರು, ವಯಸ್ಸು ಕಡಿಮೆ, ಕೆಲಸದಲ್ಲಿ ಹುರುಪಿನವರು. ಮಧ್ಯಾಹ್ನ ಒಬ್ಬ ಮನುಷ್ಯ ತಾನಾಗಿ ನಡೆದು ಬಂದು ಬೆಂಚಿನ ಮೇಲೆ ಕೂತದ್ದು ಅವರಿಗೆ ಸೋಜಿಗವೆನಿಸಿತ್ತು. ಏನು ಮಾಡಿದೀ ಎಂದರೆ ಅವನು ನೆಲ ನೋಡುತ್ತ, ಸಾಹೇಬ್ರು ಅಂದಂಗ ಎಂದ. ಇಷ್ಟು ವಿಧೇಯ ಆರೋಪಿಯನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಸುತ್ತಲಿನ ತಾಲೂಕುಗಳಲ್ಲಿ ಪತ್ತೆಯಾಗದೆ ಉಳಿದ ಕಳುವುಗಳನ್ನೆಲ್ಲ ನೆನಪಿಗೆ ತಂದುಕೊಂಡು ಇವನ ಮೈಗೆ ಒಂದೊಂದಾಗಿ ಹಚ್ಚಿ ನೋಡುತ್ತಿದ್ದರು, ಬಟ್ಟೆಯಂಗಡಿಯಲ್ಲಿ ಅಂಗಿ ಹಚ್ಚಿ ನೋಡುವಂತೆ. ಹಳಿಯಾಳದ ಕಡೆಯ ಬೈಕು ಆಗಲಿಲ್ಲ, ಅದು ಹೋದ ದಿನ ಪರಶುರಾಮ ಪ್ರವಾಸಿಗರನ್ನು ಕೂಡಿಸಿಕೊಂಡು ಕಾಡಿನಲ್ಲಿದ್ದ. ದಾಂಡೇಲಿಯ ಗೋದಾಮಿನ ತಾಮ್ರದ ತಂತಿ ಸ್ವಲ್ಪ ದೊಡ್ಡದಾಯಿತು, ಅದಕ್ಕೆ ನಾಲ್ಕು ಜನ ಬೇಕು. ಜೊಯಿಡಾದ ಹೋಮ್‌ಸ್ಟೇಯ ಟಿವಿ ಹೆಚ್ಚುಕಡಿಮೆ ಒಪ್ಪುತ್ತಿತ್ತು. ಆದರೆ ಅಲ್ಲಿ ಪರಶುರಾಮನೊಳಗಿನ ಡ್ರೈವರ್ ಪಾಳಿಯ ನಿಯಮ ಮರೆತು ಬಾಯಿಬಿಟ್ಟಿದ್ದ.

"ಅಷ್ಟ ದೊಡ್ಡ ಟಿವಿ ಹೆಂಗ ತರೂದ್ರಿ ಸಾಹೇಬ್ರ? ಜೊಯಿಡಾದಿಂದ ನಮ್ಮ ಕಡೆ ನೇರ ಬಸ್ಸ ಇಲ್ಲ."

ಈ ಮಾತು ಮುಗಿಯುವ ಹೊತ್ತಿಗೆ ತುಳಜಾ ಬಾಗಿಲಲ್ಲಿ ನಿಂತಿದ್ದಳು. ಪರಶುರಾಮ ಅವಳನ್ನು ಕಂಡು ಕುಗ್ಗಿದ. ಠಾಣೆಗೆ ಹೆಂಡತಿ ಬುತ್ತಿಯಿಲ್ಲದೆ ಬಂದದ್ದು ಕೇರಿಯ ಚರಿತ್ರೆಯಲ್ಲಿ ಇದೇ ಮೊದಲು.

ತನ್ನ ಗಂಡನನ್ನು ಯಾವ ಅಪರಾಧಕ್ಕೆ ಹಿಡಿದಿದ್ದೀರಿ ಎಂದು ಅವಳು ಕೇಳಿದಳು. ಸಾಹೇಬರು, ಹಿಡಿದಿಲ್ಲ, ಅವನಾಗಿಯೇ ಬಂದಿದ್ದಾನೆ ಎಂದರು. ಹಾಗಿದ್ದರೆ ಕರೆದುಕೊಂಡು ಹೋಗುತ್ತೇನೆ ಎಂದಳು. ಹಾಗೆ ಹೋಗಲಾಗದು, ವಿಚಾರಣೆ ನಡೆದಿದೆ ಎಂದರು. ಯಾವುದರ ವಿಚಾರಣೆ ಎಂದಳು. ಸಾಹೇಬರು ಹವಾಲ್ದಾರರ ಕಡೆ ನೋಡಿದರು, ಹವಾಲ್ದಾರರು ಮೆಲ್ಲಗೆ, ಸಂತೆಯಲ್ಲಿ ಸುದ್ದಿಯಾದ ಸನವಳ್ಳಿಯ ಮೋಟಾರು ಎಂದು ಸೂಚಿಸಿದರು. ತುಳಜಾ ಮೊಬೈಲ್ ತೆಗೆದು ಫೋಟೋ ತೋರಿಸಿದಳು. ಮೋಟಾರೂ ಮಜೀದನೂ ಸಾಹೇಬರನ್ನು ನೋಡಿ ನಕ್ಕರು.

ಸಾಹೇಬರು ಕುರ್ಚಿಗೆ ಒರಗಿದರು. ಅವರಿಗೆ ಸೋಲು ಅನ್ನಿಸಿರಲಿಲ್ಲ, ಬುದ್ಧಿವಂತರಾದ್ದರಿಂದ ಕೊನೆಯ ಪ್ರಶ್ನೆ ಉಳಿಸಿಕೊಂಡಿದ್ದರು.

"ಅದೆಲ್ಲಾ ಇರ್ಲಿ ಬಾಯಾರ. ಏನೂ ಮಾಡದ ಮನುಷ್ಯಾ ಠಾಣೆಗೆ ತಾನಾಗಿ ಯಾಕ ಬರ್ತಾನ, ಇಷ್ಟ ಹೇಳ್ರಿ ನನಗ."

ಉತ್ತರ ತುಳಜಾಳ ನಾಲಿಗೆಯ ತುದಿಯಲ್ಲಿತ್ತು. ಪಾಳಿ ಇತ್ತು, ಬಂದ. ಆದರೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಅವಳು ರೂಢಿಯಂತೆ ಹಿಂಬಾಲಿಸಿ ನೋಡಿದಳು. ಕೇರಿಗೆ ಕೇರಿಯೇ ಸರದಿಯ ಮೇಲೆ ಕಳ್ಳತನ ಒಪ್ಪಿಕೊಳ್ಳುತ್ತದೆ ಎಂದು ಸಾಹೇಬರು ಬರೆದುಕೊಂಡರೆ ಮುಂದಿನ ಮೂರು ತಲೆಮಾರಿಗೆ ಸಾಕಾಗುತ್ತದೆ. ಸುಳ್ಳು ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಬೆಳಗಿನ ಉಪ್ಪಿಟ್ಟಿನ ನಂತರದ ಮಾತೊಂದು ಆಗ ಅವಳ ಕೈಗೆ ಸಿಕ್ಕಿತು.

"ಅದನ್ನ ನಾ ಹೇಳಬೇಕಾಗಿಲ್ರಿ ಸಾಹೇಬ್ರ. ಇವರು ಏನ ಮಾಡ್ಯಾರ ಅನ್ನೂದನ್ನ ನೀವ ಹೇಳಬೇಕು. ಯಾಕ ಬಂದ್ರು ಅನ್ನೂದು ಬೇಕಾದ್ರ ಹವಾಲ್ದಾರ್ರನ್ನ ಕೇಳ್ರಿ. ಅವರು ಹಳಬರು, ಎಲ್ಲಾ ಗೊತ್ತೈತಿ."

ಸಾಹೇಬರು ಹವಾಲ್ದಾರರನ್ನು ಕೇಳಿದರು. ಹವಾಲ್ದಾರರು ಚಹಾದ ಖಾಲಿ ಲೋಟದೊಳಗೆ ದೃಷ್ಟಿ ನೆಟ್ಟು, ಮೌನವಾಗಿರುವ ಹಕ್ಕನ್ನು ಪೂರ್ತಿಯಾಗಿ ಬಳಸಿಕೊಂಡರು.

ಇವರನ್ನು ಹಿಡಿದಿದ್ದೀರೆಂದಾದರೆ ಯಾಕೆ ಎಂಬುದನ್ನು ಬರೆದು ಕೊಡಿ, ನಾಳೆ ಮ್ಯಾಜಿಸ್ಟ್ರೇಟರ ಮುಂದೆ ವಕೀಲರಿಗೆ ತೋರಿಸುತ್ತೇನೆ ಎಂದು ತುಳಜಾ ಹೇಳಿದಳು. ಸಾಹೇಬರು ಪೆನ್ನು ತೆಗೆದರು. ಯಾವ ಕಲಮು ಎಂದು ಹವಾಲ್ದಾರರನ್ನು ಕೇಳಿದರು. ಹವಾಲ್ದಾರರಿಗೆ ಹಳೆಯ ಕಾಯ್ದೆಯ ನಂಬರು ಬಾಯಿಪಾಠವಿತ್ತು, ಹೊಸ ಕಾಯ್ದೆಯದು ಇನ್ನೂ ಆಗಿರಲಿಲ್ಲ. ನಂಬರು ಸಿಕ್ಕಿದ್ದರೂ ಅದರ ಮುಂದೆ ಬರೆಯಲು ಏನೂ ಇರಲಿಲ್ಲ. ಪೆನ್ನಿನ ಟೋಪಿ ಮತ್ತೆ ಪೆನ್ನಿನ ಮೇಲೆ ಕೂತಿತು.

ಸಾಹೇಬರು ಪರಶುರಾಮನಿಗೆ ಹೋಗು ಎಂದರು. ಅವನು ಎದ್ದು ಬಾಗಿಲ ತನಕ ಹೋದಾಗ ಮತ್ತೆ ಕರೆದರು. ಅವನ ಡ್ರೈವರ್ ನೌಕರಿಯ ವೆರಿಫಿಕೇಶನ್ ತಮ್ಮ ಕೈಗೇ ಬರುತ್ತದೆ ಎಂದು ನೆನಪಿಸಿದರು. ಇವತ್ತಿಗೆ ಯಾವ ಪ್ರಕರಣವೂ ಇಲ್ಲ. ಆದರೆ ಅದು ಬಂದು ಹೋಗುವುದರೊಳಗೆ ಮುತ್ತಲಗಟ್ಟಿಯ ಮೇಲೆ ಒಂದು ಅನುಮಾನ ಬಿದ್ದರೂ ಮೊದಲು ನೆನಪಾಗುವ ಮುಖ ಇವನದೇ. ಅದನ್ನು ಅವರು ಬೆದರಿಕೆಯಂತೆ ಹೇಳಲಿಲ್ಲ, ಹಿತವಚನದಂತೆ ಹೇಳಿದರು. ತುಳಜಾಳಿಗೆ ಅದೇ ಹೆಚ್ಚು ಅಂಜಿಕೆ ತಂದಿತು.

ಅವರಿಬ್ಬರೂ ಕೇರಿಗೆ ಬಂದಾಗ ಕೊಯ್ಲಿನಿಂದ ತಿರುಗಿದವರೆಲ್ಲ ಠಾಕಪ್ಪನ ಕಟ್ಟೆಯ ಮೇಲೆ ಕೂಡಿದ್ದರು. ಪೆಟ್ಟಿಲ್ಲದೆ, ಪ್ರಕರಣವಿಲ್ಲದೆ, ಹೋದ ದಿನವೇ ಒಬ್ಬ ತಿರುಗಿ ಬಂದದ್ದನ್ನು ನೋಡಿ ಸಂತೋಷಪಡಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬನಂತೂ ಪರಶುರಾಮನ ಬೆನ್ನು ತಿರುಗಿಸಿ ನೋಡಿ, ಏನೂ ಆಗೇ ಇಲ್ಲಲ್ಲ ಎಂದು ಆಕ್ಷೇಪಣೆಯ ಧ್ವನಿಯಲ್ಲಿ ಹೇಳಿದ. ಅವನು ಹೋದ ವರ್ಷ ಪಾಳಿಯಲ್ಲಿ ಎರಡು ಹಲ್ಲು ಕಳೆದುಕೊಂಡವನು. ಠಾಕಪ್ಪ ನ್ಯಾಯನಿಷ್ಠ ಮನುಷ್ಯ. ಎಲ್ಲರ ಮಾತು ಕೇಳಿ ತೀರ್ಪು ಹೇಳಿದ. ಕಳುವಿಲ್ಲದೆ ಹೋಗಿ, ಶಿಕ್ಷೆಯಿಲ್ಲದೆ ಬಂದದ್ದು ಪಾಳಿಯಲ್ಲ, ಅದು ಬರಿಯ ಪ್ರಯಾಣ. ಪಾಳಿ ಇನ್ನೂ ಪರಶುರಾಮನ ಮನೆಯ ಮೇಲೆಯೇ ಇದೆ.

ಪರಶುರಾಮ ತಲೆ ಅಲ್ಲಾಡಿಸಿ ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು.

ತುಳಜಾ ಹಿಂದೆ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಅವಳು ಮನೆಯ ಮುಂದಿನ ದಿನಗಳನ್ನು ಕಂಡಳು. ವೆರಿಫಿಕೇಶನ್ ಕಾಗದ ಬಂದು ಹೋಗುವ ತನಕ ಪ್ರತಿದಿನ ಯಾರದೋ ಕೋಳಿ, ಯಾರದೋ ಬ್ಯಾಟರಿ ಹೋಯಿತೇ ಎಂದು ಕಿವಿ ನಿಮಿರಿಸಿಕೊಂಡು ಕೂರಬೇಕು. ಅದಕ್ಕಿಂತ ಮಾತಾಡುವುದು ಕಡಿಮೆ ಅಪಾಯ ಎಂದು ಅವಳಿಗೆ ಆ ಕ್ಷಣ ತೋರಿತು.

"ಕಾಕಾ, ಪಾಳಿ ಮನಿದೋ, ಗಂಡಸಂದೋ?"

ಮನೆಯದು ಎಂದ ಠಾಕಪ್ಪ. ಮನೆಗೆ ಒಬ್ಬರು ಎಂದು ತಾನೇ ಗೊತ್ತುಮಾಡಿದ್ದಲ್ಲವೇ.

"ಹಂಗಾರ ನಮ್ಮ ಮನಿಂದ ನಾ ಹೋಗ್ತೇನಿ."

ಕಟ್ಟೆಯ ಮೇಲೆ ಗದ್ದಲವೆದ್ದಿತು. ಹೆಂಗಸರು ಠಾಣೆಗೆ ಹೋಗುವುದೆಂದರೇನು, ಕೇರಿಯ ಮರ್ಯಾದೆ ಏನಾಗಬೇಕು ಎಂದು ಗಂಡಸರು ಒಬ್ಬರ ಮೇಲೊಬ್ಬರು ಮಾತಾಡಿದರು. ಅಷ್ಟರಲ್ಲಿ ಸೋಮಿಬಾಯಿ ಮುಂದೆ ಬಂದಳು. ಮಾವನಿಗೆ, ಗಂಡನಿಗೆ, ಇಬ್ಬರಿಗೂ ಆ ಠಾಣೆಗೆ ಬುತ್ತಿ ಹೊತ್ತವಳು ಅವಳು.

"ನಲವತ್ತು ವರ್ಷ ಆ ಠಾಣೆ ಬಾಗಲದಾಗ ಕುಂತೇನಿ, ಠಾಕಪ್ಪಾ. ಆವಾಗ ಯಾರಿಗೂ ಮರ್ಯಾದಿ ನೆನಪಾಗಿಲ್ಲ. ಒಳಗ ಹೋದ್ರ ಅಷ್ಟ ಹೋಗತೈತೇನು?"

ಠಾಕಪ್ಪ ತನ್ನದೇ ನಿಯಮಗಳನ್ನು ಮನಸ್ಸಿನಲ್ಲಿ ಮಗುಚಿ ನೋಡಿದ. ಹೆಂಗಸು ಹೋಗಬಾರದು ಎಂದು ಎಲ್ಲಿಯೂ ಇರಲಿಲ್ಲ. ಹೋಗಬಹುದೆಂದು ಯಾರಿಗೂ ಹೊಳೆಯದ ಕಾರಣ ಯಾರೂ ಅದನ್ನು ತಡೆದಿರಲಿಲ್ಲ. ನಿಯಮವೆಂದರೆ ನಿಯಮ ಎಂದು ನಿಟ್ಟುಸಿರು ಬಿಟ್ಟು ಒಪ್ಪಿದ.

ಕಾಯುವ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಆ ವಾರ ಕಳೆಯುವುದರೊಳಗೆ ಹೊಂಗಲಕಟ್ಟಿಯ ಒಂದು ಮೊಬೈಲ್ ಅಂಗಡಿಯ ಶಟರ್ ಮುರಿಯಿತು. ಈ ಸಲ ದೂರು ನಿಜವಾಗಿಯೂ ಇತ್ತು. ವೆರಿಫಿಕೇಶನ್ ಕಾಗದ ಸಾಹೇಬರ ಮೇಜಿನ ಮೇಲೆ ಬಂದು ಕೂತಿದೆ ಎಂಬ ಸುದ್ದಿಯೂ ಇತ್ತು. ಸಾಹೇಬರು ದಿನವಿಡೀ ಅಂಗಡಿ ನೋಡಿ, ಮಾಲಿಕನನ್ನು ಸಮಾಧಾನ ಮಾಡಿ, ಊಟ ಮುಗಿಸಿ, ಬಿಸಿಲು ತಂಪಾದ ಮೇಲೆ ಮುತ್ತಲಗಟ್ಟಿಗೆ ಜೀಪು ಕಳಿಸಿದರು. ಅಲ್ಲಿಗೆ ಹೋಗಲು ಅವಸರವೇನಿರಲಿಲ್ಲ, ಆ ಕೇರಿ ಎಲ್ಲಿಗೂ ಓಡಿಹೋಗುವಂಥದ್ದಲ್ಲ.

ಹವಾಲ್ದಾರರು ಇಳಿದು ವಾಡಿಕೆಯಂತೆ ಕೇಳಿದರು. ಠಾಕಪ್ಪ ವಾಡಿಕೆಯಂತೆ ಪರಶುರಾಮನ ಮನೆ ಎಂದ. ಬಾಗಿಲು ತೆರೆದು ತುಳಜಾ ಹೊರಗೆ ಬಂದಳು, ಕೈಯಲ್ಲಿ ಚೀಲ. ಬಾಗಿಲಿಗೆ ಎರಡು ಸಲ ಚಿಲಕ ಎಳೆದು ನೋಡಿ ಜೀಪಿನ ಹತ್ತಿರ ನಿಂತಳು. ನಡೆಯಿರಿ ಎಂದಳು.

ಹವಾಲ್ದಾರರು ಗಂಡನನ್ನು ಕರೆ ಎಂದರು. ಗಂಡ ಅಂಗಳದಲ್ಲಿಯೇ ಇದ್ದ, ನೆಲ ನೋಡುತ್ತ. ಪಾಳಿ ತನ್ನದು ಎಂದು ತುಳಜಾ ವಿವರಿಸಿದಳು. ಅನುಮಾನ ಕೇರಿಯ ಮೇಲಲ್ಲವೇ, ತಾನೂ ಕೇರಿಯವಳೇ. ಯಾವ ಅಪರಾಧ, ಯಾಕೆ ತನ್ನ ಮೇಲೆ ಸಂಶಯ ಎಂದು ಬರೆದು ಕೊಟ್ಟರೆ ಆಯಿತು. ಹಿಡಿದ ಸುದ್ದಿ ಹೇಳಬೇಕಾದ ಮನೆಯವರು ಸೋಮಿಬಾಯಿ, ಇಲ್ಲೇ ನಿಂತಿದ್ದಾರೆ. ಹೆಣ್ಣುಮಕ್ಕಳನ್ನು ಹಿಡಿಯುವಾಗ ಮಹಿಳಾ ಪೊಲೀಸರು ಇರಬೇಕು, ಅವರನ್ನು ಕರೆತಂದಿದ್ದರೆ ಜೀಪು ಹತ್ತುತ್ತೇನೆ.

ಠಾಣೆಗೆ ಇದ್ದ ಒಬ್ಬಳೇ ಮಹಿಳಾ ಪೇದೆ ಹೆರಿಗೆ ರಜೆಯ ಮೇಲಿದ್ದಳು. ಹವಾಲ್ದಾರರು ಫೋನಿನಲ್ಲಿ ಸಾಹೇಬರೊಂದಿಗೆ ಮಾತಾಡಿದರು. ಆಚೆ ಕಡೆಯಿಂದ ದೊಡ್ಡ ದನಿ ಕೇಳಿತು, ಆಮೇಲೆ ಸಣ್ಣ ದನಿ, ಆಮೇಲೆ ದನಿಯೇ ಇಲ್ಲ. ಪಡುವಣದಲ್ಲಿ ಸೂರ್ಯ ಸಾಗವಾನಿ ಮರಗಳ ಹಿಂದೆ ಇಳಿಯುತ್ತಿದ್ದ. ತುಳಜಾ ಅತ್ತ ನೋಡಿ, ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಹಿಡಿಯಬೇಕಾದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಾಗುತ್ತದೆ, ತಡವಾಗುತ್ತಿದೆ ಎಂದು ಕಳಕಳಿಯಿಂದ ನೆನಪಿಸಿದಳು.

"ಹೋಗ್ಲಿ ಬಿಡ್ರಿ ಅಕ್ಕಾರ. ನಿಮ್ಮ ಗಂಡನ್ನ ಕಳಸ್ರಿ, ಸುಮ್ಮ ಹೋಗಿ ಬರ್ಲಿ."

"ಅವರ ಪಾಳಿ ಇಲ್ರಿ. ನಿಮಗ ಅವರ ಬೇಕಂದ್ರ ಅವರ ಹೆಸರಿಲೆ ಕಾರಣ ಬರದು ಕೊಡ್ರಿ."

ಬರೆಯುವ ಮಾತು ಬಂದ ಕೂಡಲೆ ಹವಾಲ್ದಾರರು ಜೀಪು ಹತ್ತಿದರು. ಮುತ್ತಲಗಟ್ಟಿಯಿಂದ ಜೀಪು ಖಾಲಿ ಹೋದದ್ದನ್ನು ಮಕ್ಕಳು ತಿರುವಿನ ತನಕ ಹಿಂಬಾಲಿಸಿ ಹೋಗಿ ಖಾತ್ರಿ ಮಾಡಿಕೊಂಡು ಬಂದರು. ತುಳಜಾ ಒಳಗೆ ಬಂದು ಚೀಲ ಇಟ್ಟು, ಒಲೆ ಹಚ್ಚಿದಳು. ಮೊಬೈಲ್ ಅಂಗಡಿ ಒಡೆದವನು ಮಾಲಿಕನ ಸ್ವಂತ ಅಳಿಯನೆಂದು ಆಮೇಲೆ ಗೊತ್ತಾಯಿತು. ಅವನನ್ನು ಹಿಡಿಯಲು ಜೀಪಿನ ಅಗತ್ಯವೇ ಬೀಳಲಿಲ್ಲ, ಮನೆಯೊಳಗೇ ಬಗೆಹರಿಯಿತು.

ಪರಶುರಾಮನ ಕಾಗದ ಹೋಯಿತು. ಈತನ ಮೇಲೆ ಯಾವ ಪ್ರಕರಣವೂ ಇಲ್ಲ ಎಂದು ಬರೆದು ಸಹಿ ಮಾಡಿದ ಸಾಹೇಬರು, ಮುತ್ತಲಗಟ್ಟಿಯಲ್ಲಿ ಹುಟ್ಟಿಯೂ ಇಷ್ಟು ಚೊಕ್ಕಟ ಇರುವುದು ಮೆಚ್ಚತಕ್ಕದ್ದು ಎಂದು ಅವನನ್ನು ಹೊಗಳಿದರಂತೆ. ಅವನು ಮುಂಡಗೋಡದ ಕಡೆಯ ಹಳ್ಳಿ ಬಸ್ಸಿಗೆ ಡ್ರೈವರ್ ಆದ.

ಪಾಳಿ ಸರಿಯಾಗಿ ನಡೆಯಿತೆಂದು ಠಾಕಪ್ಪ ಘೋಷಿಸಿ, ಮುಂದಿನ ಮನೆ ಯಾವುದೆಂದು ನೋಡಿದ. ಇನ್ನು ಹೆಂಗಸರಿಗೂ ಪಾಳಿ ಉಂಟೆಂದ ಮೇಲೆ, ಇಷ್ಟು ವರ್ಷ ಗಂಡಸರಿಲ್ಲವೆಂದು ಬಿಟ್ಟಿದ್ದ ಮುದುಕಿ ಸಿದ್ದಕ್ಕನ ಮನೆಯನ್ನು ಬಿಡಲು ಕಾರಣವಿರಲಿಲ್ಲ. ಸಿದ್ದಕ್ಕ ಹೆದರಿಯಾಳು ಎಂದುಕೊಂಡಿದ್ದರೆ ಅವಳು ಹಿಗ್ಗಿದಳು. ಜೀವಮಾನದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಾ ಗ್ರಂಥಾಲಯಕ್ಕೆ ಬಂದು ಕೂತು, ಪೊಲೀಸರಿಗೆ ಕೇಳಬೇಕಾದ ಮಾತುಗಳನ್ನು ತುಳಜಾಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು. ಯಾವ ಅಪರಾಧ, ಬರದು ಕೊಡ್ರಿ, ಹೆಣ್ಣಪೊಲೀಸ ಎಲ್ಲಿ. ಕೊನೆಯದನ್ನು ಹೇಳುವಾಗ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಅದನ್ನು ತುಳಜಾ ಕಲಿಸಿರಲಿಲ್ಲ.

ಆದರೆ ಜೀಪು ಬರಲಿಲ್ಲ. ಸುಗ್ಗಿ ಮುಗಿಯಿತು, ಬೇಸಿಗೆ ಬಂತು. ಈ ಸುತ್ತಿನಲ್ಲಿ ಒಂದು ಕಳ್ಳತನವೂ ಆಗವಲ್ಲದು ಎಂದು ಸಿದ್ದಕ್ಕ ಎದುರಿಗೆ ಸಿಕ್ಕವರಲ್ಲೆಲ್ಲ ಬೇಸರ ತೋಡಿಕೊಂಡಳು.

ಒಂದು ರವಿವಾರ ಊಟಕ್ಕೆ ಬಂದ ಪರಶುರಾಮ, ಕಳ್ಳತನಗಳು ನಿಂತಿಲ್ಲ ಎಂದ. ಬಸ್ಸಿನಿಂದ ದಿನಾ ನೋಡುತ್ತೇನೆ, ಜೀಪು ಈಗ ಮುತ್ತಲಗಟ್ಟಿಯ ತಿರುವು ದಾಟಿ ಮುಂದೆ ಹೋಗಿ ಹಳ್ಳದಾಚೆಯ ಕೂಲಿಕಾರರ ಕೇರಿಗೆ ಇಳಿಯುತ್ತದೆ. ಹೋದ ತಿಂಗಳು ಅಲ್ಲಿಂದ ಇಬ್ಬರನ್ನು ಒಯ್ದರು. ಅಲ್ಲಿಯವರಿಗೆ ಇದೆಲ್ಲ ಹೊಸದು, ಪಾಪ, ಓಡಿಹೋಗಲು ನೋಡಿ ಪೆಟ್ಟು ತಿಂದರು. ಪಾಳಿ ಹಚ್ಚುವುದು ಹೇಗೆಂದು ಕೇಳಲು ಠಾಕಪ್ಪನಿಗೆ ಹೇಳಿಕಳಿಸಿದ್ದಾರಂತೆ. ಠಾಕಪ್ಪ ಹೊಸ ಪಟಗ ಸುತ್ತಿಕೊಂಡು ಹೊರಡಲು ಸಿದ್ಧನಾಗಿದ್ದಾನಂತೆ.

ತುಳಜಾ ತುತ್ತನ್ನು ತಟ್ಟೆಗೆ ಇಟ್ಟಳು. ಇಷ್ಟು ದಿನ ಜೀಪು ಬರದಿದ್ದಕ್ಕೆ ತಾನು ನಿಶ್ಚಿಂತೆಯಿಂದ ಮಲಗಿದ್ದನ್ನು ನೆನೆದು ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ ಸಿದ್ದಕ್ಕ ಬಾಗಿಲಿಗೆ ಬಂದಳು. ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಅದು ನನ್ನ ಪಾಳಿ. ಅವರನ್ಯಾಕ ಒಯ್ತಾರ? ಏಳ ತುಳಜಾ, ಹೋಗೂಣು ನಡಿ."

ಠಾಕಪ್ಪ ಅಲ್ಲಿ ಪಾಳಿ ಹಚ್ಚುವುದರೊಳಗೆ ತಾವು ಮುಟ್ಟಿ, ಪೊಲೀಸರಿಗೆ ಕೇಳಬೇಕಾದ ಮಾತು ಕಲಿಸಬೇಕು ಎಂದು ತುಳಜಾ ಎದ್ದು ಕೈ ತೊಳೆದಳು. ಪರಶುರಾಮನಿಗೆ ಅಂದು ರಜೆ. ಅವನ ಊಟ ಅರ್ಧಕ್ಕೆ ನಿಂತಿತ್ತು, ಆದರೂ ಬಸ್ಸು ಯಾವಾಗಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹಳ್ಳದ ಕಡೆಯದು ಇನ್ನೇನು ಬರುತ್ತದೆ, ಓಡಿರಿ ಎಂದ.